ಒಂದು ಗೇಣು ಗಿಡ್ಡವಾದ ಪರದೆ

ಹೊಳೆಹೊನ್ನೂರು,
ಮಂಗಳವಾರ, ೧೧ ಮಾರ್ಚ್ ೨೦೨೫

ಪ್ರೀತಿಯ ಮಗ ಸಿದ್ದುಗೆ ನಿನ್ನ ಅವ್ವ ಬಂಗಾರಮ್ಮನ ಆಶೀರ್ವಾದ.

ಮೈಗೆ ಹೇಗಿದೆಯಪ್ಪಾ? ನೆಲದ ಮೇಲೆ ಮಲಗಿ ಬೆನ್ನು ಹಿಡಿಯುತ್ತದೆ ಎಂದಿದ್ದೆ, ಈಗ ಕಡಿಮೆಯೇ? ಸೋಗಾನೆಯಲ್ಲಿ ವಿಮಾನ ಇಳಿಯುವ ಸದ್ದು ನಿಮ್ಮ ಜೈಲಿನೊಳಗೂ ಕೇಳುತ್ತದೆ ಅಂತ ಹೋದ ಸಲ ಹೇಳಿದ್ದೆಯಲ್ಲ, ಅದು ಬಂದಾಗಲೆಲ್ಲ ಒಂದು ಲೋಟ ನೀರು ಕುಡಿ. ಬೇಸಿಗೆ ಶುರುವಾಗಿದೆ. ನಿನ್ನ ಅಪ್ಪನ ಕೆಮ್ಮು ಹಾಗೇ ಇದೆ. ಔಷಧಿ ಕುಡಿ ಅಂದರೆ ಬಾಟಲಿಯನ್ನು ಅಲ್ಲಾಡಿಸಿ ನೋಡಿ ವಾಪಸ್ ಇಡುತ್ತಾರೆ, ನೋಡಿದರೇ ಗುಣವಾಗುತ್ತದೆ ಅನ್ನುವ ಹಾಗೆ. ಈ ಕಾಗದವನ್ನು ನಿನಗಿಂತ ಮೊದಲು ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಏಳನೇ ಕ್ಲಾಸಿನ ಅಕ್ಷರ, ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬಾರದು.

ಇನ್ನು ಸಮಾಚಾರ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ನಿನ್ನ ಹೆಂಡತಿ ಹೇಮಶ್ರೀ, ಮೊನ್ನೆ ಭಾನುವಾರ ಮಧ್ಯಾಹ್ನ. ಭದ್ರಾವತಿಯ ಮನೆಗೆ ಬೀಗ ಹಾಕಿಕೊಂಡು, ಬರಿಗೈಯಲ್ಲಿ ಬಸ್ಸಿಳಿದು ಬಂದಳು. ನಾನು ಅಕ್ಕಿ ಆರಿಸುತ್ತಿದ್ದೆ, ನಿನ್ನ ಅಪ್ಪ ಊಟ ಮುಗಿಸಿ ಕಂಬಕ್ಕೆ ಒರಗಿದ್ದರು. ಕೇಳಿದವರು ನಾವಿಬ್ಬರೇ. ನಮ್ಮ ಅಜ್ಜಿ ಕಥೆ ಹೇಳುವಾಗ ನಡುವೆ ಹೂಂ ಅನ್ನದಿದ್ದರೆ ಕಥೆ ನಿಲ್ಲಿಸಿಬಿಡುತ್ತಿದ್ದಳು. ಇದಕ್ಕೆ ಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೂ ಅವಳು ನಿಲ್ಲಿಸದೆ ಹೇಳಿದಳು.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಕಥೆಗೆ ಬುಡ ಬೇಕು. ನಿನ್ನ ಬಾಡಿಗೆ ಮನೆಯ ಕಿಟಕಿಗೂ ಎದುರುಮನೆ ಪ್ರೇಮಮ್ಮನ ಕಿಟಕಿಗೂ ನಡುವೆ ಇರುವುದು ಒಂದು ಲಗೇಜ್ ಆಟೋ ಹಿಡಿಸುವಷ್ಟು ಬೀದಿ. ಆ ಬೀದಿಯಲ್ಲೇ ನೀನು ಎರಡು ವರ್ಷದ ಹಿಂದೆ ಫೋನನ್ನು ಕಿವಿಗೆ ಒತ್ತಿಕೊಂಡು ಗಾಡಿ ಹಿಂದಕ್ಕೆ ತೆಗೆದೆ. ಅವಳ ಒಬ್ಬಳೇ ಮಗಳು ಭೂಮಿಕಾ ಹಿಂದಿನ ಚಕ್ರದ ಹತ್ತಿರ ಕೂತು ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದಳು. ಅದಕ್ಕಿಂತ ಮುಂದೆ ಬರೆಯುವುದಿಲ್ಲ. ಕೇಸು ಮುಗಿಯುವವರೆಗೆ ವಿಳಾಸ ಬದಲಿಸಬೇಡಿ ಎಂದು ವಕೀಲರು ಹೇಳಿದ್ದರಿಂದ ನೀವು ಅಲ್ಲೇ ಉಳಿದಿರಿ. ದೀಪಾವಳಿಯ ನಂತರ ಶಿಕ್ಷೆಯಾಗಿ ನೀನು ಒಳಗೆ ಹೋದೆ. ನೀನು ಬರುವ ತನಕ ಅಲ್ಲೇ ಇರುತ್ತೇನೆ ಅಂತ ಹೇಮಶ್ರೀ ಹಠ ಹಿಡಿದಳು. ಇಷ್ಟು ದಿನವೂ ಆ ಕಿಟಕಿಯ ಬಾಗಿಲು ಮುಚ್ಚೇ ಇತ್ತು.

ಈಗ ಅವಳಿಗೆ ಆರು ತಿಂಗಳು. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿ ಒಂದು ದಿನ ಒಲೆಯ ಮುಂದೆ ಕುಸಿದಿದ್ದಳಂತೆ. ಆಸ್ಪತ್ರೆಯ ಸಿಸ್ಟರ್ ಚೆನ್ನಾಗಿ ಗಾಳಿ ತಗೋ ಅಂದರು. ಕಿಟಕಿ ತೆಗೆದರೆ ಎದುರಿಗೆ ಪ್ರೇಮಮ್ಮ, ಬೆಳಗಿನಿಂದ ಸಂಜೆವರೆಗೂ ಹೊಲಿಗೆ ಮಿಷನ್ ಮುಂದೆ. ಮಗಳನ್ನು ಕಳೆದುಕೊಂಡವಳ ಕಣ್ಣೆದುರು ತುಂಬಿದ ಹೊಟ್ಟೆ ಹೊತ್ತು ಹೇಗೆ ಓಡಾಡುವುದು? ಹಿತ್ತಿಲ ಬಾಗಿಲಿನಿಂದಲೇ ಹೋಗಿ ಬರುತ್ತಿದ್ದಳು ಪಾಪ, ಸೆರಗು ಇಳಿಬಿಟ್ಟುಕೊಂಡು. ಅವಳು ಜೈಲಿಗೆ ಭೇಟಿಗೆ ಬಂದಾಗ ನೀನೇ ಅಂದೆಯಂತೆ, “ಒಂದು ಪರದೆ ಹಾಕ್ಸು ಮಾರಾಯ್ತಿ, ಅವರ ಕಣ್ಣಿಗೆ ಬೀಳಬೇಡ.” ಹೇಳುವುದು ಸುಲಭ. ಆ ಬೀದಿಯ ಮನೆಗಳನ್ನೆಲ್ಲ ಕಟ್ಟಿದವನು ಒಬ್ಬನೇ ಮೇಸ್ತ್ರಿ, ಕಿಟಕಿಗಳೆಲ್ಲ ಒಂದೇ ಅಳತೆ, ಪರದೆಯ ಸರಳು ಹಾಕಿದ್ದೂ ಒಂದೇ ಎತ್ತರಕ್ಕೆ. ಪರದೆ ಬೇಕಾದವರು ಬಟ್ಟೆ ಕೊಂಡು ಪ್ರೇಮಮ್ಮನ ಕೈಗೆ ಕೊಟ್ಟರೆ ಮುಗಿಯಿತು, ಅಳತೆ ಅವಳಿಗೆ ಬಾಯಿಪಾಠ. ಅದಕ್ಕೇ ಆ ಬೀದಿಯಲ್ಲಿ ಯಾರೂ ತಮ್ಮ ಕಿಟಕಿಯನ್ನು ತಾವು ಅಳೆದದ್ದೇ ಇಲ್ಲ. ಇವಳು ಯಾರನ್ನು ಕೇಳಬೇಕಿತ್ತೋ ಅವಳಿಂದಲೇ ಮರೆಯಾಗಬೇಕಿತ್ತು.

ಕೊನೆಗೆ ಅವಳು ಮಾಡಿದ್ದೇನು ಗೊತ್ತೇ? ಕಿಟಕಿಯ ಎದುರು ನಿಲ್ಲಲು ಧೈರ್ಯ ಸಾಲದೆ ಅದರ ಕೆಳಗೆ ನೆಲಕ್ಕೆ ಕೂತಳು. ಪೊರಕೆಯ ಕಡ್ಡಿಯ ತುದಿಗೆ ದಾರ ಕಟ್ಟಿ ಮೇಲಕ್ಕೆ ಎತ್ತಿದಳು. ಚೌಕಟ್ಟಿನ ಮೇಲಿನ ಮರಕ್ಕೆ ಕಡ್ಡಿ ತಗುಲಿತು, ಕೆಳಗೆ ಕಿಟಕಿಯ ಕಟ್ಟೆಯ ಹತ್ತಿರ ದಾರಕ್ಕೆ ಗಂಟು ಹಾಕಿದಳು. ಪರದೆಯ ಸರಳು ಚೌಕಟ್ಟಿಗಿಂತ ಒಂದು ಗೇಣು ಮೇಲಿದೆ ಅನ್ನುವುದು ಕೂತವಳಿಗೆ ಕಾಣಲಿಲ್ಲ. ಆ ದಾರವನ್ನು ಬ್ಯಾಗಿನಲ್ಲಿಟ್ಟುಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಳು. ಭದ್ರಾವತಿಯಲ್ಲಿ ಕೊಂಡರೆ ಪರಿಚಯದವರ ಬಾಯಿಗೆ ಬೀಳುತ್ತೇನೆ ಅಂತ ಭಯ.

ಅಂಗಡಿಯ ಜಮ್ಶೀದ್ ಒಳ್ಳೆಯವನಂತೆ, ಕುರ್ಚಿ ಹಾಕಿ ಕೂರಿಸಿದ. ಅಗಲ ಕಿಟಕಿಯ ಎರಡರಷ್ಟು ಬೇಕು ಅಕ್ಕಾ, ಇಲ್ಲಾಂದ್ರೆ ನೆರಿಗೆ ಬೀಳಲ್ಲ, ಎಳೆದಾಗ ಹಲಗೆ ಥರ ನಿಲ್ಲುತ್ತೆ ಅಂದ. ರೆಡಿಮೇಡ್ ಪರದೆ ಐದಡಿಯದು ಇದೆ, ಅದನ್ನೇ ತಗೊಳ್ಳಿ ಅಂತಲೂ ಅಂದ. ದಾರ ಹಿಡಿದು ನೋಡಿದರೆ ಐದಡಿ ತುಂಬಾ ಉದ್ದ ಅನಿಸಿತು ಇವಳಿಗೆ. ಗಾಢ ನೀಲಿ ಬಟ್ಟೆ ಆರಿಸಿ ದಾರದಷ್ಟಕ್ಕೇ ಹೊಲಿಸಿದಳು. “ಇದು ಸರಳಿಂದ ತೆಗೆದ ಅಳತೆ ತಾನೇ?” ಅಂತ ಅವನು ಕೇಳಿದ್ದಕ್ಕೆ ಹೌದು ಅಂದುಬಿಟ್ಟಳು. ನೆಲದ ಮೇಲೆ ಕೂತು ಅಳೆದೆ ಅಂತ ಅಂಗಡಿಯವನಿಗೆ ಹೇಗೆ ಹೇಳುವುದು.

ಮನೆಗೆ ಬಂದು ಕುರ್ಚಿ ಹತ್ತಿ ಸಿಕ್ಕಿಸಿದಳು. ಮೇಲೆಲ್ಲ ಮುಚ್ಚಿತು, ಕೆಳಗೆ ಕಟ್ಟೆಯ ಮೇಲೆ ಒಂದು ಗೇಣು ತೆರೆದೇ ಉಳಿಯಿತು. ಆ ಸಂದಿಯಲ್ಲಿ ಪ್ರೇಮಮ್ಮನ ಮುಖ ಕಾಣುತ್ತಿರಲಿಲ್ಲ, ಮಿಷನ್ನಿನ ಮೇಲೆ ಬಟ್ಟೆ ತಳ್ಳುವ ಅವಳ ಎರಡು ಕೈ ಮಾತ್ರ ಕಾಣುತ್ತಿತ್ತು. ಅವಳ ಕೈ ತನಗೆ ಕಂಡರೆ ತನ್ನದು ಅವಳಿಗೆ ಏನು ಕಾಣುತ್ತದೆ ಎಂದು ಹೇಮಶ್ರೀಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮುಖವಿಲ್ಲ, ಕಾಲಿಲ್ಲ, ಬರೀ ಹೊಟ್ಟೆ. ಯಾವುದನ್ನು ಮುಚ್ಚಲು ಶಿವಮೊಗ್ಗದ ತನಕ ಹೋಗಿದ್ದಳೋ ಅದಕ್ಕೇ ಚೌಕಟ್ಟು ಹಾಕಿದಂತಾಗಿತ್ತು. ಎದುರಿನ ಕೈಗಳು ನಿಂತುಬಿಟ್ಟವು. ಮಿಷನ್ ಸದ್ದೂ ನಿಂತಿತು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಪ್ರೇಮಮ್ಮ, ಕೊರಳಲ್ಲಿ ಟೇಪು. ಎರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದಳು. ನೇರ ಕಿಟಕಿಯ ಹತ್ತಿರ ಹೋಗಿ ಟೇಪಿನ ತುದಿಯನ್ನು ಸರಳಿಗೆ ಹಿಡಿದು ಕೆಳಗೆ ಬಿಟ್ಟಳು. “ಸರಳಿಂದ ಅಳೀಬೇಕು, ಕಟ್ಟೆ ದಾಟಿ ಇಳೀಬೇಕು. ಇಷ್ಟೂ ಗೊತ್ತಾಗಲಿಲ್ವೇನೇ?” ಅಂದಳಂತೆ, ತಂಗಿಯನ್ನು ಬೈಯುವ ಹಾಗೆ. ಬಾಯಿಪಾಠವಿದ್ದ ಅಳತೆಗೆ ಟೇಪು ಯಾಕೆ ತಂದಳು ಅಂತ ನನಗೆ ಈಗ ಅನಿಸುತ್ತದೆ. ಬರಿಗೈಯಲ್ಲಿ ಆ ಮನೆಯೊಳಗೆ ಬರಲು ಅವಳಿಗೂ ಆಗಿರಲಿಕ್ಕಿಲ್ಲ.

ಹೇಮಶ್ರೀ ಗೋಡೆಗೆ ಅಂಟಿಕೊಂಡು ನಿಂತಿದ್ದಳು. “ನಿನ್ನ ನೋಡ್ತಾ ಕೂತಿರ್ತೀನಿ ಅಂದ್ಕೊಂಡ್ಯಾ?” ಅಂದಳು ಪ್ರೇಮಮ್ಮ. “ಬಲ್ಬಿನ ಬೆಳಕಲ್ಲಿ ನಂಗೆ ಸೂಜಿ ಕಾಣಲ್ಲ. ಇರೋದು ಅದೊಂದೇ ಕಿಟಕಿ. ಮಿಷನ್ ಎಲ್ಲಿಗೆ ಎಳ್ಕೊಂಡು ಹೋಗ್ಲಿ?” ಆಮೇಲೆ ಎಷ್ಟು ತಿಂಗಳು ಅಂತ ಕೇಳಿದಳು. ಇವಳು ಹೇಳಿದಳು. ಪ್ರೇಮಮ್ಮ ಪರದೆ ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಕೆಳಗೆ ಪಟ್ಟಿ ಹಚ್ಚುತ್ತೇನೆ, ಬಣ್ಣ ಮಾತ್ರ ಹೊಂದುವುದಿಲ್ಲ ಅಂದಳು. ಬಾಗಿಲವರೆಗೆ ಹೋದವಳು ತಿರುಗಿ ಇನ್ನೊಂದು ಮಾತಾಡಿದಳು. “ಕಣ್ಣಿಗೆ ಪರದೆ ಹೊಲಿದು ಕೊಡ್ತೀನಿ ಹೇಮಾ. ನಾಳೆ ಮಗು ಅಳ್ತದಲ್ಲ, ಅದಕ್ಕೆ ಏನು ಹೊಲೀಲಿ?”

ಸಿಟ್ಟಿನಿಂದ ಅಂದಳೇ ಅಂತ ನಾನು ಕೇಳಿದರೆ ಅಲ್ಲವಂತೆ, ನಿಜವಾಗಿಯೂ ಕೇಳುವವರ ಹಾಗೆ ನಿಂತು ಕೇಳಿದಳಂತೆ. ಇವಳು ಬೀಗ ಹಾಕಿ ನಮ್ಮಲ್ಲಿಗೆ ಓಡಿ ಬಂದಳು. ಇನ್ನು ಆ ಮನೆಯಲ್ಲಿ ಹೆರಬಹುದೋ ಬಾರದೋ ನೀವೇ ಹೇಳಿ ಅಂತ ನನ್ನ ಮೊರದ ಮುಂದೆ ಕೂತಳು. ನಿನ್ನ ಅಪ್ಪ ಕಂಬ ಬಿಟ್ಟು ನೆಟ್ಟಗೆ ಕೂತರು. “ಬೆಳಿಗ್ಗೆ ಹೋಗಿ ನೋಡೋಣ, ಅವಳ ಕೈಲೇ ಪರದೆ ಇಸ್ಕೊಂಡು ಒಂದು ಮಾತಾಡೋಣ” ಅಂದರು.

ಹೇಮಶ್ರೀ ಈಗ ಇಲ್ಲೇ ಇದ್ದಾಳೆ, ಎರಡು ಹೊತ್ತು ಉಣ್ಣುತ್ತಿದ್ದಾಳೆ, ಹುಣಸೆಹಣ್ಣಿನ ಡಬ್ಬ ನನಗೆ ಸಿಗದಂತೆ ಬಚ್ಚಿಡುತ್ತಾಳೆ. ನೀನು ಚಿಂತೆ ಮಾಡಬೇಡ. ಕೊಟ್ಟಷ್ಟು ಉಣ್ಣು, ಯಾರ ಜೊತೆಗೂ ಜಗಳ ಬೇಡ. ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಬಂಗಾರಮ್ಮ

ಮರೆತೆ ಅಂತಲ್ಲ, ಬರೆಯಲು ಕೈ ಬರಲಿಲ್ಲ, ಈಗ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಮೂವರೂ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆವು. ಬೀದಿಗೆ ತಿರುಗುತ್ತಲೇ ಹೇಮಶ್ರೀ ನನ್ನ ಕೈ ಹಿಡಿದಳು. ನಮ್ಮ ನೀಲಿ ಪರದೆ, ಕೆಳಗೆ ಬೂದಿ ಬಣ್ಣದ ಪಟ್ಟಿ, ಪ್ರೇಮಮ್ಮ ಅದನ್ನು ನಮ್ಮ ಕಿಟಕಿಗೆ ಇಡದೆ ತನ್ನ ಕಿಟಕಿಗೆ ಹಾಕಿಕೊಂಡಿದ್ದಳು. ಕಟ್ಟೆ ದಾಟಿ ಇಳಿದಿತ್ತು, ಒಂದು ಬೆರಳಿನಷ್ಟೂ ಸಂದಿಯಿರಲಿಲ್ಲ. ಹೊರಗೆ ಅಷ್ಟು ಬಿಸಿಲು, ಒಳಗೆ ಬಲ್ಬು ಉರಿಯುತ್ತಿತ್ತು. ಮಿಷನ್ ನಾಲ್ಕು ಹೊಲಿಗೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಸೂಜಿ ಕಾಣುತ್ತಿರಲಿಲ್ಲ ಅವಳಿಗೆ. ಮಾತಾಡೋಣ ಅಂದಿದ್ದ ನಿನ್ನ ಅಪ್ಪ ಅವಳ ಬಾಗಿಲು ತಟ್ಟಲಿಲ್ಲ. ಇವಳಿಗೋಸ್ಕರ ಅವಳು ಕತ್ತಲಲ್ಲಿ ಕೂರುವುದು ಬೇಡ, ಮನೆ ಖಾಲಿ ಮಾಡೋಣ, ಅವಳ ಬೆಳಕು ಅವಳಿಗೆ ಬಿಡೋಣ ಅಂದರು. ಹೇಮಶ್ರೀಯೂ ಬೇಡ ಅನ್ನಲಿಲ್ಲ. ಸಾಮಾನಿಗೆ ಬಂದ ಗಾಡಿ ಬೀದಿಯೊಳಗೆ ಹಿಂದಕ್ಕೆ ಬರಲು ಹೊರಟಿತು, ಅಪ್ಪ ಅಡ್ಡ ನಿಂತು ತಡೆದರು. ಅದನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಮಂಚ, ಬೀರು, ಪಾತ್ರೆ ಎಲ್ಲವನ್ನೂ ಹೊತ್ತು ಸಾಗಿಸಿದೆವು, ಕೆಮ್ಮುತ್ತಾ ಅವರೂ ಹೊತ್ತರು. ಪರದೆ ಕೇಳಲಿಲ್ಲ. ನೀನು ಬಿಡುಗಡೆಯಾದ ದಿನ ಆ ಬೀದಿಗೆ ಹೋಗಬೇಡ ಸಿದ್ದು. ಸೀದಾ ಹೊಳೆಹೊನ್ನೂರಿನ ಬಸ್ಸು ಹತ್ತು.