ಕೆಳಗಿಳಿಯದ ಎಲುಬು

ಗದಗ ನೆಲಮನೆಗಳು
ಎರಡನೇ ಮಳೆಗಾಲ, ೨೨೧೯

ಇನ್ನೂ ಹುಟ್ಟದಿರುವ ನನ್ನ ಮರಿಮಕ್ಕಳೇ,

ಈ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಬಿಸಿಲು ತಾಳಲಾರದೆ ನಾವು ನೆಲದಡಿ ತೋಡಿಕೊಂಡಿರುವ ಮನೆಗಳಿಗೆ ನೆಲಮನೆ ಎನ್ನುತ್ತೇವೆ. ವರ್ಷದ ಎರಡನೇ ಮಳೆಗಾಲಕ್ಕೆ ಒಳಗೆ ನೀರು ನುಗ್ಗುತ್ತದೆ. ಆಗ ಗೋಡೆಯ ಏಣಿ ಹತ್ತಿ ಓಡುವುದೊಂದೇ ದಾರಿ. ಹೋದ ವರ್ಷ ನನ್ನ ಐದು ವರ್ಷದ ಮಗಳು ಶಿವಲೀಲಾ ಆ ಏಣಿಯ ನಡುವೆ ನಿಂತುಬಿಟ್ಟಳು. ಎಡಗೈ ಹೆಗಲಿಗಿಂತ ಮೇಲೇಳಲಿಲ್ಲ, ಹೊತ್ತುಕೊಂಡೇ ಮೇಲೆ ತಂದೆವು.

ನಿಂತವರ ಮೂಳೆಗಳನ್ನು ತೋರಿಸುವ ಗಾಜಿಗೆ ನಾವು ಎಲುಬುಕನ್ನಡಿ ಎನ್ನುತ್ತೇವೆ. ಡಾಕ್ಟರ್ ಜುಬೇದಾ ಅವಳನ್ನು ಅದರ ಮುಂದೆ ನಿಲ್ಲಿಸಿದರು. ಬೆನ್ನಿನಲ್ಲಿ ಹೆಗಲ ಹಿಂದಿರುವ ರೆಕ್ಕೆಯೆಲುಬು ಗರ್ಭದಲ್ಲಿ ಕುತ್ತಿಗೆಯ ಹತ್ತಿರ ಮೂಡಿ ಆಮೇಲೆ ಕೆಳಗಿಳಿಯಬೇಕಂತೆ. ಇವಳದು ಇಳಿದೇ ಇರಲಿಲ್ಲ. ಹೆಚ್ಚಿನ ಎಲುಬೊಂದು ಬೆಳೆದು ಅದನ್ನು ಕುತ್ತಿಗೆಗೆ ಕಟ್ಟಿಹಾಕಿತ್ತು.

"ಆ ಎಲುಬು ತಗದು, ರೆಕ್ಕಿ ಕೆಳಗ ಎಳದು ಹೊಲೀತೀವಿ," ಎಂದರು ಡಾಕ್ಟರ್. "ಎಳಿಯೋವಾಗ ಕೈಯಿನ ನರಕ್ಕ ಪೆಟ್ಟು ಬೀಳಬಹುದು. ತಡ ಮಾಡಿದಷ್ಟೂ ಆ ಭಯ ಜಾಸ್ತಿ."

"ಬ್ಯಾಡ. ಇದ್ದ ಕೈನೂ ಹೋದ್ರ?" ಎಂದರು ನನ್ನ ಗಂಡ ಕಲ್ಲಪ್ಪ.

"ನೀರು ಬಂದಾಗ ಏನ್ ಮಾಡ್ತಾಳ್ರೀ?" ಎಂದೆ. ಅವರು ಮಗಳ ಎಡಗೈಯನ್ನು ಎತ್ತಿ ನೋಡಿ, ಕೊನೆಗೆ ಒಪ್ಪಿದರು.

ಆಪರೇಷನ್ ಆಯಿತು. ಎಚ್ಚರವಾದಾಗ ಮಗಳು ಕೇಳಿದಳು: "ಯವ್ವಾ, ನನ್ನ ಕೈ ಎಲ್ಲಿ ಹೋತು?"

ಕೈ ಅವಳ ಪಕ್ಕದಲ್ಲೇ ಇತ್ತು, ತಣ್ಣಗೆ. ಹಿಚುಕಿದೆ, ಅವಳಿಗೆ ತಿಳಿಯಲಿಲ್ಲ. ಡಾಕ್ಟರನ್ನು ಕರೆತರಲು ಕಲ್ಲಪ್ಪನವರು ಓಡಿದರು. ಡಾಕ್ಟರ್ ಬಂದು ಬೆರಳು ಮುಟ್ಟಿ ನೋಡಿ, ಮತ್ತೆ ಒಳಗೆ ಕರೆದೊಯ್ದರು. ಕೊರಳೆಲುಬನ್ನು ಕತ್ತರಿಸಿ, ಒತ್ತಿಹೋಗಿದ್ದ ನರಕ್ಕೆ ಜಾಗ ಮಾಡಿದರು. ಬಾಗಿಲಾಚೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗೆ ತಂದ ಮೇಲೂ ಬಹಳ ಹೊತ್ತು ಕೈ ಸತ್ತಂತೆಯೇ ಬಿದ್ದಿತ್ತು. ಕೊನೆಗೆ ಕಿರುಬೆರಳು ನನ್ನ ಸೆರಗನ್ನು ಕೆರೆಯಿತು. ನಾನು ಅಳುವುದನ್ನು ಕಂಡು ಅವಳೂ ಹೆದರಿ ಅತ್ತಳು.

ವ್ಯಾಯಾಮ ಮಾಡಿಸಿ ಮಾಡಿಸಿ ಕೈ ಈಗ ಕಿವಿಯವರೆಗೆ ಏಳುತ್ತದೆ. ಹೆಗಲು ಇನ್ನೂ ತುಸು ಮೇಲೆಯೇ ಇದೆ. ಈ ಸಲ ನೀರು ಬಂದಾಗ ಎರಡೂ ಕೈಯಲ್ಲಿ ಏಣಿ ಹತ್ತಿದಳು. ಅವಳು ಜಾರಿದರೆ ಹಿಡಿಯಲೆಂದು ನಾನು ಕೆಳಗಿದ್ದೆ. ನೀರು ನನ್ನ ಮೊಣಕಾಲು ಮುಟ್ಟಿತ್ತು.

ಈಗ ನಾನು ಮತ್ತೆ ಬಸುರಿ. ಈ ತೊಂದರೆ ವಂಶದಲ್ಲಿ ಹರಿದು ಬರುವುದು ಅಪರೂಪ ಎನ್ನುತ್ತಾರೆ ಡಾಕ್ಟರ್. ಬರುವುದೇ ಇಲ್ಲ ಎನ್ನಲಿಲ್ಲ. ಆ ಒಂದು ಮಾತಿಗೆ ನಿದ್ದೆ ಹತ್ತದೆ ನಿಮಗೆ ಬರೆಯುತ್ತಿದ್ದೇನೆ. ಕೂಸಿಗೆ ನೀರೆರೆಯುವಾಗ ಅದರ ಬೆನ್ನು ನೋಡಿ. ಹೆಗಲು ಒಂದು ಮೇಲೆ, ಒಂದು ಕೆಳಗೆ ಕಂಡರೆ ನಿಮಗೂ ಕೈಕಾಲು ನಡುಗುತ್ತವೆ. ನಡುಗಲಿ. ಧೈರ್ಯ ಬರಲೆಂದು ಕಾಯಬೇಡಿ, ನಡುಗುತ್ತಲೇ ಕೂಸನ್ನು ಡಾಕ್ಟರ ಬಳಿಗೆ ಎತ್ತಿಕೊಂಡು ಹೋಗಿ.

ನಿಮ್ಮ ಮುತ್ತಜ್ಜಿ,
ದ್ಯಾಮವ್ವ