ನಿನ್ನ ಗೂಡಿನಲ್ಲಿ ಹೊಸಬ

ಪಿಸುಮಾತಿನಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ವಿಳಾಸ ಕೊಡದೆ ಹೋದವಳು ನೀನು. ಆದರೂ ಹೇಳದೆ ಇರಲಾರೆ.

ಇವತ್ತು ನಮ್ಮ ಒಪೆರಾ ಮತ್ತೆ ನಡೆಯಿತು. ಸೋಂಕಿನ ಭಯಕ್ಕೆ ಪ್ರೇಕ್ಷಕರಿಲ್ಲ, ಖಾಲಿ ಕುರ್ಚಿಗಳ ನಡುವೆ ಒಂದು ಕ್ಯಾಮೆರಾ ಅಷ್ಟೇ. ರಂಗದ ಅಂಚಿನ ನಿನ್ನ ಗೂಡಿನಲ್ಲಿ ಈಗ ಹೊಸಬನೊಬ್ಬ ಕೂರುತ್ತಾನೆ. ಮರೆತವರಿಗೆ ಸಾಲು ಎತ್ತಿಕೊಡುವವನ ಬಾಯಿಗೇ ಮಾಸ್ಕ್ ಹಾಕಿಸಿದ್ದಾರೆ, ನೋಡು ನಮ್ಮವರ ಬುದ್ಧಿ!

ಕೊನೆಯ ಅಂಕದಲ್ಲಿ, ನನ್ನ ಪಾತ್ರದ ಗೆಳತಿ ಹಡಗು ಹತ್ತುವಾಗ, ನನಗೆ ಮಾತೇ ಮರೆತುಹೋಯಿತು. ಗೂಡಿನತ್ತ ನೋಡಿದರೆ ಎರಡು ಗಾಬರಿಗಣ್ಣು, "ಮ್ಮ್... ಮ್ಮ್..." ಅನ್ನುವ ಸದ್ದು. ವಾದ್ಯದವರು ಪಾಪ ಒಂದೇ ಸ್ವರವನ್ನು ಎಳೆಯುತ್ತಲೇ ಇದ್ದರು. ಆಗ ನಿನ್ನ ತುಟಿ ಕಣ್ಣಮುಂದೆ ಬಂತು, ಜೊತೆಗೇ ಕುಣಿಯುವ ಆ ಹುಬ್ಬು. ಹಾಡಿಬಿಟ್ಟೆ.

ಪರದೆ ಬಿದ್ದ ಮೇಲೆ ಹೊಸಬ ಮಾಸ್ಕ್ ಇಳಿಸಿ, "ಅಷ್ಟು ಸುಲಭದ ಮಾತು ಹೆಂಗೆ ಮರೆತ್ರಿ ಮೇಡಂ?" ಅಂದ.

"ಅಲ್ಲಿಗೆ ಬಂದಾಗೆಲ್ಲ ಅಕ್ಕನೇ ಎತ್ತಿಕೊಡ್ತಿದ್ಲು ಕಣಪ್ಪಾ," ಅಂದೆ.

ಆ ಮಾತು "ಹೋಗಬೇಡ." ರಂಗಮಂದಿರಕ್ಕೆ ಬೀಗ ಬಿದ್ದ ವಾರ ನೀನು ಸೂಟ್‌ಕೇಸ್ ಹಿಡಿದು ನನ್ನ ಬಾಗಿಲಲ್ಲಿ ನಿಂತು, "ಬರ್ತೀನಿ ಕಣೇ" ಅಂದಾಗ, ಅದನ್ನು ನನಗೆ ಎತ್ತಿಕೊಡಲು ಗೂಡಿನಲ್ಲಿ ಯಾರೂ ಇರಲಿಲ್ಲ.