ಸತ್ತನೆಂದು ಬರೆದುಕೊಡಲಿಲ್ಲ

ಅಪ್ಪನಿಗೆ,

ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ. ಚಿಕ್ಕಪ್ಪನ ಹತ್ತಿರ ಜಗಳವಾಡಿ ನಿನ್ನ ವಿಳಾಸ ಪಡೆದೆ. ಈ ಸೋಂಕಿನಿಂದಾಗಿ, ಅಮ್ಮ ಪಾತ್ರೆ ತೊಳೆಯುತ್ತಿದ್ದ ಹೋಟೆಲ್ಲೂ ನಾನು ಶಾಲೆ ಬಿಟ್ಟು ಸೇರಿದ್ದ ಸೈಕಲ್ ಅಂಗಡಿಯೂ ಮುಚ್ಚಿ ಎರಡು ತಿಂಗಳಾಯಿತು. ಸರ್ಕಾರ ಪ್ರತಿ ಮನೆಗೂ ಪರಿಹಾರ ಕೊಡುತ್ತಿದೆ. ನಮ್ಮದು ಮಾತ್ರ ನಿಂತಿದೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನ ಇನ್ನೂ ನೀನೇ; ಯಜಮಾನನ ಸಹಿ ಇಲ್ಲದೆ ದುಡ್ಡು ಕೊಡುವುದಿಲ್ಲವಂತೆ.

ತಾಲ್ಲೂಕು ಕಚೇರಿಯ ಗುಮಾಸ್ತ ಅಮ್ಮನಿಗೆ ಉಪಾಯ ಹೇಳಿಕೊಟ್ಟ: “ಬಿಟ್ಟು ಹೋದ ಅಂದ್ರೆ ನೂರೆಂಟು ವಿಚಾರಣೆ ಕಣಮ್ಮ. ಸತ್ತ ಅಂತ ಬರ್ಕೊಡು, ನಾಳೆನೇ ದುಡ್ಡು ಬರುತ್ತೆ.”

ಅಮ್ಮ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡೇಬಿಟ್ಟಳು. ನಾನು ಅರ್ಜಿ ಕಿತ್ತುಕೊಂಡು, “ಸತ್ತಿಲ್ಲ, ಬದುಕಿದಾನೆ” ಎಂದೆ.

“ಸತ್ಯವಂತ ಬಂದ, ಕುರ್ಚಿ ಹಾಕ್ರಪ್ಪ!” ಎಂದ ಗುಮಾಸ್ತ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದ ಮೇಲೆ ಅಮ್ಮ, “ಆ ಸತ್ಯಾನೇ ಬೇಯ್ಸಿ ನಿನ್ ತಂಗಿಗೆ ಬಡ್ಸು” ಎಂದಳು. ನಾಲ್ಕು ದಿನದಿಂದ ನನ್ನೊಡನೆ ಮಾತಿಲ್ಲ.

ನಿನ್ನ ಮೇಲಿನ ಪ್ರೀತಿಯಿಂದ ಹಾಗೆಂದೆ ಎಂದುಕೊಳ್ಳಬೇಡ. ಸತ್ತವನನ್ನು ಯಾರೂ ಏನೂ ಕೇಳುವುದಿಲ್ಲ. ಅಷ್ಟು ಸುಲಭವಾಗಿ ನಿನ್ನನ್ನು ಬಿಡಲು ನನಗೆ ಮನಸ್ಸಿಲ್ಲ.

ಅರ್ಜಿ ಕೊಡಲು ಬರುವ ಶುಕ್ರವಾರ ಕೊನೆಯ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಮೂರನೇ ಕಿಟಕಿಗೆ ಬಾ. ಯಜಮಾನಿಕೆಯನ್ನು ಅಮ್ಮನ ಹೆಸರಿಗೆ ಬಿಟ್ಟುಕೊಟ್ಟು ಸಹಿ ಹಾಕು. ಮನೆಗೆ ಬರಬೇಕಾಗಿಲ್ಲ. ತಂಗಿಯನ್ನು ನಾನು ಅಲ್ಲಿಗೇ ಕರೆತರುತ್ತೇನೆ. ಅವಳಿಗೆ ನಿನ್ನ ಮುಖ ನೆನಪಿಲ್ಲ. ಇವರು ಯಾರು ಎಂದು ಕೇಳಿದರೆ ನಿಜವನ್ನೇ ಹೇಳುತ್ತೇನೆ.

ಇತಿ,
ನಿನ್ನ ಮಗ